ನಾನು ಹೊಡೆದುಹಾಕಿದ ಮೂವತ್ತೊಂದು ಬೆಳಗುಗಳು

ಮದುವೆಯ ಕಾಗದ ಬಂದರೆ ನಾನು ಈಗಲೂ ಮೊದಲು ನೋಡುವುದು ಕೆಳಗೆ ಸಣ್ಣ ಅಕ್ಷರದಲ್ಲಿರುವ ಪ್ರೆಸ್ಸಿನ ಹೆಸರನ್ನು. ಆಮೇಲೆ ವಾರಕ್ಕೂ ತಾರೀಕಿಗೂ ಹೊಂದುತ್ತದೆಯೇ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡುತ್ತೇನೆ. ಮದುಮಗ ಯಾರು, ಮದುಮಗಳು ಯಾರು ಎಂಬುದು ಮೂರನೆಯದು. ಮನೆಯವರು ನಗುತ್ತಾರೆ. ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪ್ರೂಫ್ ನೋಡಿದವಳ ಕಣ್ಣು, ನಿವೃತ್ತಿಯಾದ ಮರುದಿನವೇ ಬೇರೆ ಕಣ್ಣಾಗುವುದಿಲ್ಲ.

ಕಳೆದ ತಿಂಗಳು ಶ್ರಾವ್ಯಾ ಎಂಬ ಹುಡುಗಿ ಬಂಟ್ವಾಳದ ನಮ್ಮ ಮನೆಗೆ ಬಂದಿದ್ದಳು. ಪುಸ್ತಕ ಪ್ರಕಟಿಸುವ ಒಂದು ಸಂಸ್ಥೆಯಲ್ಲಿ ಹೊಸದಾಗಿ ಸೇರಿದ್ದಾಳೆ. "ಆಂಟಿ, ನಮಗೆ ಕಲಿಸುವವರು ಯಾರೂ ಇಲ್ಲ. ಕಂಪ್ಯೂಟರು ಎಲ್ಲಿ ಕೆಂಪು ಗೆರೆ ಹಾಕ್ತದೋ ಅಲ್ಲಿ ಸರಿ ಮಾಡ್ತೇವೆ, ಅಷ್ಟೇ. ನೀವು ಎಂತೆಲ್ಲ ಮಾಡ್ತಿದ್ರಿ ಅಂತ ಬರೆದು ಕೊಡಿ" ಎಂದಳು. ನಾನು ಮಾಡಿದ್ದನ್ನು ಬರೆಯುತ್ತಾ ಕೂತರೆ ಸಾಲು ಸಾಲು ಅಲ್ಪವಿರಾಮಗಳೇ ಬಂದಾವು. ಮಾಡಬಾರದ್ದನ್ನು ಮಾಡಿದ್ದು ಒಂದು ಉಂಟು. ಅದು ಅವಳಿಗೆ ಹೆಚ್ಚು ಉಪಯೋಗಕ್ಕೆ ಬೀಳಬಹುದು.

ನಾನು ಸೇರಿದಾಗ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲ. ಪ್ರೂಫ್ ವಿಭಾಗ ಎಂದರೆ ಕಿಟಕಿಯ ಹತ್ತಿರ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಶ್ರೀಪತಿ ರಾಯರು, ಇನ್ನೊಂದರಲ್ಲಿ ನಾನು. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅವರು ಪ್ರೂಫಿನ ಮೇಲೆ ಅಡಿಕೋಲು ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಕೇಳಬೇಕು. ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೆ ಓದಿದ ನಾಲಿಗೆ ಸಿದ್ಧಕಟ್ಟೆ ದಾಟಿ ಮನೆಗೆ ಬಂದರೂ ನಿಲ್ಲುತ್ತಿರಲಿಲ್ಲ. ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದ ಅಣ್ಣನ ಕಾಗದವನ್ನು ಅಮ್ಮನಿಗೆ ಓದಿ ಹೇಳುವಾಗ, "ನಾನು ಕ್ಷೇಮ ಅಲ್ಪವಿರಾಮ ಅಲ್ಲಿ ನೀವೂ ಕ್ಷೇಮ ಪೂರ್ಣವಿರಾಮ" ಎಂದುಬಿಟ್ಟೆ. ಅಮ್ಮ ಬೀಡಿ ಕಟ್ಟುವ ಕೈ ನಿಲ್ಲಿಸಿ, "ಅವರಿಬ್ಬರು ಯಾರು ಮಗಾ, ಅವನ ರೂಮಿನವರಾ?" ಎಂದು ಕೇಳಿದಳು.

ರಾಯರು ಕಲಿಸಿದ ಪಾಠಗಳಲ್ಲಿ ಈಗಲೂ ಹೇಳಬೇಕಾದದ್ದು ಒಂದು: ದೊಡ್ಡ ಅಕ್ಷರವನ್ನು ಯಾರೂ ಓದುವುದಿಲ್ಲ. ಒಮ್ಮೆ ಭಜನಾ ಮಂಡಳಿಯ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಎಲ್ಲರ ಹೆಸರನ್ನೂ ಮೂರು ಮೂರು ಸಲ ನೋಡಿದೆವು. ಅಚ್ಚಾದ ಮೇಲೆ ಮಂಡಳಿಯವರು ಬಂದು, "ರಾಯರೇ, ನಮ್ಮ ಭಜನೆಯನ್ನು ಬೇರೆ ಊರಿನಲ್ಲಿ ಮಾಡುವುದಾ?" ಎಂದರು. ಹಿಂದಿನ ವಾರದ ಕೆಲಸದ ಶೀರ್ಷಿಕೆ ಹಾಗೇ ಉಳಿದಿತ್ತು. ತಲೆಯ ಮೇಲೆ ಬೆರಳಿನಷ್ಟು ದಪ್ಪದ ಅಕ್ಷರದಲ್ಲಿ ಬೇರೆ ಊರಿನ ಹೆಸರು. ನಾವಿಬ್ಬರೂ ಅದನ್ನು ನೋಡಿಯೇ ಇರಲಿಲ್ಲ.

ಅವರ ಇನ್ನೊಂದು ಪಾಠವನ್ನು ನಾನು ಅದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡೆ. "ನೋಡು ವಾರಿಜಾ, ನಾವು ಮನೆಯಲ್ಲಿ ತುಳು ಮಾತಾಡುವವರು. ಕನ್ನಡ ಶಾಲೆಯಲ್ಲಿ ಕಲಿತದ್ದು. ಕಲಿತ ಭಾಷೆಯನ್ನು ಚೊಕ್ಕ ಇಟ್ಟುಕೊಳ್ಳಬೇಕು. ಒಂದು ಮಾತು ಒಂದು ಸಲ. ಎರಡನೇ ಸಲ ಬಂದರೆ ಅದು ಕಳೆ, ಕೀಳಬೇಕು." ನನಗೆ ಈ ಮಾತು ತುಂಬಾ ಹಿಡಿಸಿತು. ಗದ್ದೆ ಕೆಲಸಕ್ಕೆ ಹೋಗುತ್ತಿದ್ದ ತಾಯಿಯ ಮಗಳು ನಾನು. ಚೊಕ್ಕ ಕನ್ನಡ ಬರುತ್ತದೆ ಎಂಬುದೇ ನನ್ನ ದೊಡ್ಡ ಸೊತ್ತು. ಪುನರುಕ್ತಿ ಕಂಡರೆ ನನ್ನ ಕೆಂಪು ಪೆನ್ನು ತಾನಾಗಿ ಏಳುತ್ತಿತ್ತು. ಲೇಖಕರು ಸಿಟ್ಟಾಗುತ್ತಿರಲಿಲ್ಲ. ಹೆಚ್ಚಿನವರು, ಒಳ್ಳೆಯದಾಯ್ತು ಎಂದು ಹೇಳಿ ಹೋಗುತ್ತಿದ್ದರು.

ಮೊಳೆಗಳು ಮೂಲೆಗೆ ಹೋಗಿ ಕಂಪ್ಯೂಟರು ಬಂದು ಕೆಲವು ವರ್ಷವಾದ ಮೇಲೆ ಜಲಜಾಕ್ಷಿ ಟೀಚರ್ ಪ್ರೆಸ್ಸಿಗೆ ಬಂದರು. ಗುರುವಾಯನಕೆರೆ ಕಡೆಯವರು. ಬೆಳ್ತಂಗಡಿ ತಾಲೂಕಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಬಟ್ಟೆಯ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಹಳೆಯ ಹಾಜರಿ ಪುಸ್ತಕದ ಹಾಳೆಗಳು, ಹಿಂದಿನ ಖಾಲಿ ಮಗ್ಗುಲಲ್ಲಿ ದುಂಡು ಅಕ್ಷರದ ಬರಹ. ಕಾದಂಬರಿ.

"ಇದಕ್ಕೆ ಇನ್ನೊಂದು ಪ್ರತಿ ಉಂಟಾ ಟೀಚರ್?" ಎಂದು ಕೇಳಿದೆ.

"ಒಂದು ಬರೆಯುವುದಕ್ಕೇ ಒಂಬತ್ತು ವರ್ಷ ಹೋಯ್ತು ಮಾರಾಯ್ತಿ" ಎಂದರು.

ಕತೆ ಹೀಗೆ. ಪಾಣೆಮಂಗಳೂರಿನ ಒಬ್ಬ ಮುಂಬಯಿಯ ಹೋಟೆಲಿಗೆ ಹೋಗುತ್ತಾನೆ, ಅಲ್ಲಿಂದ ಹಡಗು ಹತ್ತುತ್ತಾನೆ, ಇಪ್ಪತ್ತು ವರ್ಷ ಸುದ್ದಿಯಿಲ್ಲ. ಹೊಳೆಬದಿಯ ಮನೆಯಲ್ಲಿ ಹೆಂಡತಿ ಕಾಯುತ್ತಾಳೆ. ಕೊನೆಗೆ ಅವನು ಗುರುತು ಸಿಗದ ಮುದುಕನಾಗಿ ಬರುತ್ತಾನೆ. ಮೊದಲು ಅವನನ್ನು ಗುರುತಿಸುವುದು ಮನೆಯ ಹಳೆಯ ನಾಯಿ. ಆಮೇಲೆ, ಬಂದವರಿಗೆ ಬೆಲ್ಲ ನೀರು ತಂದುಕೊಡುವ ಅವನ ಸೋದರತ್ತೆ, ಕಾಲು ತೊಳೆಯುವಾಗ ಮೊಣಕಾಲಿನ ಕತ್ತಿಯೇಟಿನ ಕಲೆ ನೋಡಿ ಗುರುತಿಸುತ್ತಾಳೆ. ಹೆಂಡತಿ ಕೊನೆಗೆ.

ಮೊದಲ ಪ್ರೂಫಿನ ಅಂಚಿನಲ್ಲಿ ನಾನು, 'ನಾಯಿ ಇಪ್ಪತ್ತು ವರ್ಷ ಬದುಕುತ್ತದೆಯೇ?' ಎಂದು ಬರೆದಿದ್ದೆ. ಟೀಚರ್ ಓದಿ ನಕ್ಕರು. "ಅದು ಎರಡು ಸಾವಿರ ವರ್ಷಕ್ಕೂ ಮೇಲೆ ಬದುಕಿದ ನಾಯಿ. ಈಗ ನಾವು ಎಂತಕ್ಕೆ ಕೊಲ್ಲುವುದು?"

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ಆಗಲಾದರೂ ಏನದು ಎಂದು ಕೇಳಬಹುದಿತ್ತು. ನನಗೆ ತಿಳಿಯದೆ ಇರುವುದು ಪುಸ್ತಕದಲ್ಲಿ ಇರಬಹುದು ಎಂಬ ಸಂಶಯವೇ ನನಗೆ ಬರುತ್ತಿರಲಿಲ್ಲ. ತಪ್ಪು ಇದ್ದರೆ ಇರಬಹುದು, ಅಷ್ಟೇ.

ಎರಡನೆಯ ಪ್ರೂಫಿನ ಸಮಯಕ್ಕೆ ಟೀಚರಿಗೆ ಕಣ್ಣಿನ ಆಪರೇಶನ್ ಆಯಿತು. "ನೀನೇ ನೋಡು. ನಿನ್ನ ಮೇಲೆ ನಂಬಿಕೆ ಉಂಟು" ಎಂದು ಹೇಳಿ ಕಳಿಸಿದರು. ನಾನು ಕೆಂಪು ಪೆನ್ನು ಹಿಡಿದು ಕೂತೆ. ಆ ಕಾದಂಬರಿಯಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು:

"ಬೆಳಗು ಹೊಳೆಯ ಆಚೆ ಎದ್ದು ತನ್ನ ಕೆಂಪು ಸೆರಗು ಕೊಡವಿತು, ಅವಳು ಬಾಗಿಲ ಅಗುಳಿ ತೆಗೆದಳು."

ಒಂದು ಅಕ್ಷರವೂ ಬದಲಾಗದೆ ಅದೇ ವಾಕ್ಯ. ಮದುವೆಯ ಮಾತಿನ ನಡುವೆ, ಜ್ವರದ ನಡುವೆ, ಮಗಳ ಶಾಲೆಯ ನಡುವೆ. ವಯಸ್ಸಾದವರು, ಬರೆದದ್ದು ಮರೆತು ಪುನಃ ಬರೆದಿದ್ದಾರೆ ಎಂದುಕೊಂಡೆ. ಮೊದಲನೆಯದನ್ನು ಉಳಿಸಿದೆ. ಉಳಿದದ್ದನ್ನು ಹೊಡೆದುಹಾಕಿದೆ. ಕೊನೆಯ ಪುಟದಲ್ಲಿ ಆ ವಾಕ್ಯ ಸ್ವಲ್ಪ ಬೇರೆ ಇತ್ತು: "ಬೆಳಗು ಹೊಳೆಯ ಆಚೆ ಎದ್ದು ತನ್ನ ಕೆಂಪು ಸೆರಗು ಕೊಡವಿತು; ಬಾಗಿಲ ಅಗುಳಿ ತೆಗೆದೇ ಇತ್ತು." ಬೇರೆ ಇದೆಯಲ್ಲ, ಪುನರುಕ್ತಿ ಅಲ್ಲ ಎಂದು ಅದನ್ನು ಬಿಟ್ಟೆ.

ಒಂದು ಬಗೆಯ ತಿದ್ದುಪಡಿ ಎಷ್ಟು ಸಲ ಬಂತು ಎಂದು ಕೊನೆಯ ಹಾಳೆಯಲ್ಲಿ ಬರೆದಿಡುವುದು ರಾಯರ ಕ್ರಮ. 'ಪುನರುಕ್ತಿ: ೩೧' ಎಂದು ಬರೆದೆ. ಸಾಲುಗಳು ಹೋದದ್ದರಿಂದ ಪುಟಗಳೂ ಕುಗ್ಗಿದವು. ಪುಸ್ತಕ ಸರಿಯಾಗಿ ಹದಿನಾರು ಪುಟದ ಫಾರಮುಗಳಲ್ಲಿ ಕೂತಿತು, ಕೊನೆಯಲ್ಲಿ ಖಾಲಿ ಪುಟ ಉಳಿಯಲಿಲ್ಲ. ರಾಯರು ಹೊಗಳುವ ಮನುಷ್ಯ ಅಲ್ಲ. ಆ ದಿನ, "ಒಳ್ಳೆ ಕೈ" ಎಂದರು. ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಸೆಲಿನ್ ತಿದ್ದುಪಡಿ ಹಾಕಿ, ಯಾವತ್ತಿನಂತೆ ಹಳೆಯದರ ಮೇಲೆಯೇ ಸೇವ್ ಮಾಡಿದಳು.

ಟೀಚರಿಗೆ ಒಂದು ಫೋನು ಮಾಡಬಹುದಿತ್ತು. ಫೋನು ನನ್ನ ಮೇಜಿನ ಮೇಲೆಯೇ ಇತ್ತು.

ಬಿಡುಗಡೆಯ ಕಾರ್ಯಕ್ರಮ ಮೂಡುಬಿದಿರೆಯಲ್ಲೇ. ಬಾಗಿಲ ಹತ್ತಿರ ಪುಸ್ತಕ ಮಾರುವ ಮೇಜಿನಲ್ಲಿ ನಾನಿದ್ದೆ. ಪುಸ್ತಕದ ಬಗ್ಗೆ ಮಾತಾಡಲು ಒಬ್ಬ ಕಾಲೇಜು ಉಪನ್ಯಾಸಕರು ಬಂದಿದ್ದರು, ತುಂಬಾ ಓದಿದವರು. ಈ ಕಾದಂಬರಿಯ ಬೇರು ಗ್ರೀಕರ ಪುರಾತನ ಮಹಾಕಾವ್ಯದಲ್ಲಿ ಇದೆ ಎಂದು ಅವರು ಹೇಳಿದಾಗಲೇ ನನಗೆ ಗೊತ್ತಾದದ್ದು. ಯುದ್ಧಕ್ಕೆ ಹೋಗಿ ಇಪ್ಪತ್ತು ವರ್ಷದ ಮೇಲೆ ಮನೆ ಸೇರುವ ಅರಸ, ಅವನ ನಾಯಿ, ಕಾಲು ತೊಳೆಯುವ ದಾದಿ, ಕಾಯುವ ರಾಣಿ. ಜಗತ್ತಿನ ಎಷ್ಟೋ ಕಾದಂಬರಿಕಾರರು ಆ ಕಾವ್ಯವನ್ನು ತಮ್ಮ ಊರಿಗೆ ಕರೆತಂದಿದ್ದಾರೆ, ಅದು ಕದಿಯುವುದಲ್ಲ, ದೀಪದಿಂದ ದೀಪ ಹಚ್ಚುವುದು ಎಂದರು. ಟೀಚರ ಮುಖ ಅರಳಿತು. ಆಮೇಲೆ ಉಪನ್ಯಾಸಕರು ಹೇಳಿದ್ದು ಇದು:

"ಆದರೆ ಟೀಚರ್ ಕತೆಯನ್ನು ಮಾತ್ರ ತಂದರು, ಆ ಕಾವ್ಯದ ಉಸಿರನ್ನು ತರಲಿಲ್ಲ. ಅದು ಬಾಯಲ್ಲಿ ಹಾಡಿದ ಕಾವ್ಯ. ಅಲ್ಲಿ ಬೆಳಗಾಗುವುದು ಮತ್ತೆ ಮತ್ತೆ ಒಂದೇ ಮಾತಿನಲ್ಲಿ. ಹಾಗೆ ಕೇಳಿ ಕೇಳಿಯೇ ನಮಗೆ ಕಾಲ ಹೋದದ್ದು ಗೊತ್ತಾಗುವುದು. ಈ ಕಾದಂಬರಿಗೆ ಆ ಕಿವಿ ಇಲ್ಲ."

ಟೀಚರ್ ತಲೆ ತಗ್ಗಿಸಿ ಪುಸ್ತಕದ ಪುಟ ಮಗುಚಿದರು. ಮಗುಚುತ್ತಾ ಹೋದರು. ಎಲ್ಲೋ ಒಂದು ಕಡೆ ಅವರ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಕೊನೆಗೆ ಮಾತಾಡಲು ಎದ್ದವರು, ಉಪನ್ಯಾಸಕರು ಹೇಳಿದ ಕೊರತೆ ತಮ್ಮದೇ ಎಂದರು. "ಪ್ರೂಫ್ ನೋಡಿದ ವಾರಿಜಾ ಅವರಿಗೆ ನಾನು ಋಣಿ. ಒಂದು ತಪ್ಪಿಲ್ಲದ ಪುಸ್ತಕ" ಎಂದರು. ಜನ ಚಪ್ಪಾಳೆ ತಟ್ಟಿದರು. ಆಗ ನಾನು ಎದ್ದು, ಆ ಕಿವಿ ಇತ್ತು, ಕಿತ್ತವಳು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾರೋ ಎರಡು ಪ್ರತಿ ಕೇಳಿದರು, ಕಟ್ಟಿಕೊಟ್ಟೆ.

ಮರುದಿನ ಹಸ್ತಪ್ರತಿ ಹುಡುಕಿದೆ. ಅಚ್ಚಾದ ಪುಸ್ತಕದ ಹಸ್ತಪ್ರತಿ ಬೈಂಡಿಂಗಿಗೆ ಹೋಗುವುದು, ಪುಸ್ತಕದ ಕಟ್ಟುಗಳ ಅಡಿಗೂ ಮೇಲಕ್ಕೂ ಇಡಲು ಹರಿಯುವುದು ನಮ್ಮಲ್ಲಿ ಮೊದಲಿನಿಂದ ಬಂದ ಅಭ್ಯಾಸ. ಹಾಜರಿ ಪುಸ್ತಕದ ಹಾಳೆ ಗಟ್ಟಿ ಬೇರೆ. ಬೈಂಡಿಂಗಿನವರು ಸಿಕ್ಕಿದ ಎರಡು ತುಂಡು ಕೊಟ್ಟರು. ಒಂದು ಮಗ್ಗುಲಲ್ಲಿ ಮಕ್ಕಳ ಹೆಸರು, ಇನ್ನೊಂದರಲ್ಲಿ ಅರ್ಧ ವಾಕ್ಯಗಳು. ಪ್ರೂಫ್ ಹಾಳೆಗಳೂ ಅದೇ ದಾರಿ ಹಿಡಿದಿದ್ದವು. ಸೆಲಿನ್ ಫೈಲು ತೆರೆದು ತೋರಿಸಿದಳು. ಅದು ಚೊಕ್ಕವಾಗಿತ್ತು. ಕಾಗದದ ಮೇಲಾದರೆ ಹೊಡೆದುಹಾಕಿದ ಸಾಲು ಗೆರೆಯ ಅಡಿಯಲ್ಲಿ ಎಲ್ಲೋ ಕಾಣುತ್ತಿತ್ತು.

ರಾಯರಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿದರು. "ಪುಸ್ತಕದಲ್ಲಿ ಒಂದು ತಪ್ಪೂ ಇಲ್ಲ. ನಿನಗೆ ಎಂತ ಬೇಸರ?"

ಆ ವಾರ ಅಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಪಾಡ್ದನ ಗುನುಗುತ್ತಿದ್ದಳು. ಭತ್ತದ ನೇಜಿ ನೆಡುವಾಗ ಹೆಂಗಸರು ಹೇಳುವ ಉದ್ದದ ಕತೆಯ ಹಾಡು. ಹುಟ್ಟಿದಂದಿನಿಂದ ಕೇಳಿದ್ದೆ, ಕಿವಿಗೊಟ್ಟದ್ದು ಆವತ್ತೇ. ಒಂದೇ ಸಾಲು ತಿರುಗಿ ತಿರುಗಿ ಬರುತ್ತಿತ್ತು.

"ಅದೇ ಸಾಲನ್ನು ಎಷ್ಟು ಸಲ ಹೇಳುವುದಮ್ಮ?" ಎಂದು ಕೇಳಿದೆ.

ಅಮ್ಮ ತುಳುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ಒಂದು ಸಲ ಹೇಳಿದರೆ ಅದು ಸುದ್ದಿ. ಗದ್ದೆ ಎಷ್ಟು ಉದ್ದವೋ ಹಾಡು ಅಷ್ಟು ಉದ್ದ ಬೇಡವಾ?"

ಗ್ರೀಕರ ಕಾವ್ಯ ನನಗೆ ತಿಳಿಯದೆ ಇದ್ದದ್ದನ್ನು ಯಾರಾದರೂ ಕ್ಷಮಿಸಬಹುದು. ಇದು ನನ್ನ ಮನೆಯ ಜಗಲಿಯಲ್ಲೇ ಇತ್ತು. ಪುಸ್ತಕದ ಕನ್ನಡಕ್ಕೆ ಇದು ಸಲ್ಲುವುದಿಲ್ಲ ಎಂದು ನಾನು ಬಾಗಿಲ ಹೊರಗೆ ಬಿಟ್ಟು ಹೋಗುತ್ತಿದ್ದೆ.

ಆಮೇಲೆ ಬಂಟ್ವಾಳದ ಲೈಬ್ರರಿಯಿಂದ ಆ ಕಾವ್ಯದ ಕತೆಯ ಕನ್ನಡ ಪುಸ್ತಕ ತಂದು ಓದಿದೆ. ಬಳಿಕ ನನ್ನ ಕೆಲಸದ ಕ್ರಮ ಬದಲಾಯಿತು. ಹೊಡೆಯುವುದರ ಬದಲು ಚೀಟಿ ಅಂಟಿಸಿ ಕೇಳತೊಡಗಿದೆ. ಮಾಣಿಯ ಒಬ್ಬರು ಗಲ್ಫಿನಲ್ಲಿದ್ದು ಬಂದು ಕಾದಂಬರಿ ಬರೆದಿದ್ದರು. ಅದರಲ್ಲಿ ಒಂದು ರೂಮಿನವರು ಒಂದು ಬಗೆಯ ಖರ್ಜೂರ ತಿಂದ ಮೇಲೆ ಊರಿಗೆ ಕಾಗದ ಬರೆಯುವುದನ್ನೇ ಮರೆಯುತ್ತಾರೆ. ಹಣ್ಣು ತಿಂದು ಮನೆ ಮರೆಯುವವರು ಆ ಕಾವ್ಯದಲ್ಲೂ ಉಂಟಲ್ಲ ಎಂದು ಚೀಟಿಯಲ್ಲಿ ಬರೆದೆ. ಅವರು ಅದನ್ನು ಹಿಡಿದುಕೊಂಡೇ ಪ್ರೆಸ್ಸಿಗೆ ಬಂದರು. "ಮೇಡಂ, ಇದನ್ನು ಹಿಡಿದದ್ದು ನೀವೊಬ್ಬರೇ. ನನ್ನ ಹೆಂಡತಿ, ಖರ್ಜೂರದ ಬಗ್ಗೆ ಹೀಗೆಲ್ಲ ಬರೀಬೇಡಿ, ಅಂಗಡಿಯವರು ಬೈತಾರೆ ಅಂದಳು" ಎಂದರು.

ಚೀಟಿಯ ಉತ್ಸಾಹ ಮಿತಿ ಮೀರಿದ್ದೂ ಉಂಟು. ಬಂಟ್ವಾಳದ ವಕೀಲರೊಬ್ಬರ ಕತೆಯಲ್ಲಿ ಗುಹೆಯಂಥ ಕತ್ತಲೆ ಅಂಗಡಿಯಲ್ಲಿ ಕೂತ ಒಂಟಿಕಣ್ಣಿನ ದೈತ್ಯ ಬಂದ. ಇದು ಗ್ರೀಕ್ ಕಾವ್ಯದ ಒಂಟಿಕಣ್ಣಿನ ರಾಕ್ಷಸನ ನೆನಪೇ ಎಂದು ಕೇಳಿದೆ. ಅವರು ಫೋನು ಮಾಡಿದರು. "ಅದು ನಮ್ಮ ಸೋದರಮಾವ, ಮಾರಾಯ್ರೆ. ಅಡಿಕೆ ಕೊಯ್ಯುವಾಗ ಸೋಗೆ ತಾಗಿ ಕಣ್ಣು ಹೋದದ್ದು. ರಾಕ್ಷಸ ಅಂತ ಮಾತ್ರ ಅವರಿಗೆ ಹೇಳಬೇಡಿ, ಬರುವ ವಾರ ಪುಸ್ತಕ ಕೊಂಡುಹೋಗಲಿಕ್ಕೆ ಅವರೇ ಬರುವುದು." ಕೇಳಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಇಬ್ಬರೂ ನಕ್ಕೆವು.

ಚೀಟಿ ಅಂಟಿಸುವಾಗೆಲ್ಲ ಟೀಚರ ನೆನಪಾಗುತ್ತಿತ್ತು. ಅವರ ಮನೆಗೆ ಮಾತ್ರ ಹೋಗಲಿಲ್ಲ. ಒಮ್ಮೆ ವೇಣೂರಿನಲ್ಲಿ ಬಸ್ಸು ನಿಂತಾಗ ಸಿಕ್ಕಿದರು. "ಬರೀತಾ ಇದ್ದೀರಾ ಟೀಚರ್?" ಎಂದೆ. "ಇಲ್ಲ, ಕಣ್ಣು" ಎಂದರು. ಕಣ್ಣಿನಿಂದಾಗಿ ಎಂದು ನಂಬುವುದು ನನಗೆ ಅನುಕೂಲವಾಗಿತ್ತು. ನಂಬಿದೆ.

ನಿವೃತ್ತಿಯಾದ ಮೇಲೆ ಟೀಚರ ಮನೆಗೆಂದು ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸು ಹತ್ತಿದೆ. ಪುಂಜಾಲಕಟ್ಟೆ, ಮಡಂತ್ಯಾರು ದಾಟುವಾಗ ಎರಡು ಸಲ ಇಳಿದುಬಿಡುವ ಅನಿಸಿತು. ಬಾಗಿಲು ತಟ್ಟಿದೆ, ಒಳಗಿನಿಂದ ಅಗುಳಿ ಸರಿದ ಸದ್ದಾಯಿತು. ಟೀಚರ್ ಕುಗ್ಗಿದ್ದರು. ಕಣ್ಣು ಬೆಳಕನ್ನು ಮಾತ್ರ ಕಾಣುತ್ತಿತ್ತು. ಕೂತ ಕೂಡಲೇ ಹೇಳಿದೆ. ಎಲ್ಲವನ್ನೂ, 'ಪುನರುಕ್ತಿ: ೩೧' ಎಂದು ಬರೆದದ್ದನ್ನೂ.

"ನನಗೆ ಗೊತ್ತಿತ್ತು" ಎಂದರು. "ಆ ಸಭೆಯಲ್ಲಿ ಪುಟ ಮಗುಚುವಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಟೀಚರ್ ಹೇಳಲಿಲ್ಲ?"

"ಹೇಳಿದರೆ ನೀನು ಅಲ್ಲಿ ಕೂತು ಅಳ್ತಿದ್ದಿ. ಪುಸ್ತಕ ಮಾರುವವರು ಯಾರು?" ಮತ್ತೆ ಅವರೇ ಹೇಳಿದರು. "ಅದೊಂದೇ ಅಲ್ಲ. ಇಷ್ಟು ವರ್ಷ ಪುಸ್ತಕ ನೋಡಿದವಳಿಗೆ ಅದು ಬೇಡ ಕಂಡರೆ, ಬೇಡವೇ ಇರಬಹುದು ಅನಿಸಿತು. ಆಮೇಲೆ ಪೆನ್ನು ಹಿಡಿದಾಗೆಲ್ಲ, ಇದನ್ನೂ ಹೊಡೀತಾರೋ ಎಂತದೋ ಅಂತ ತಲೆಗೆ ಬರ್ತಿತ್ತು. ಬಿಟ್ಟೆ."

ಅವರ ತಂಗಿ ಚಾ ತಂದಿಟ್ಟರು. ಟೀಚರ್ ಲೋಟವನ್ನು ತಡವಿ ಹಿಡಿದುಕೊಂಡರು.

"ಆ ಕಾದವಳು ನನ್ನ ತಾಯಿ, ಗೊತ್ತುಂಟಾ? ಅಪ್ಪ ಬೊಂಬಾಯಿಗೆ ಹೋದವರು ಬರಲೇ ಇಲ್ಲ. ಕತೆಯಲ್ಲಾದರೂ ಬರಲಿ ಅಂತ ಆ ಗ್ರೀಕರ ಅರಸನನ್ನು ಕರ್ಕೊಂಡು ಬಂದೆ. ದಿನಾ ಬೆಳಿಗ್ಗೆ ಅವಳು ಅಗುಳಿ ತೆಗೆಯುವ ಸದ್ದಿಗೇ ನಾನು ಏಳ್ತಿದ್ದದ್ದು. ನೀನು ಒಂದು ತಪ್ಪೂ ಮಾಡಲಿಲ್ಲ ವಾರಿಜಾ. ಇಪ್ಪತ್ತು ವರ್ಷವನ್ನು ಎರಡು ದಿನ ಮಾಡಿದಿ, ಅಷ್ಟೇ."

ಅವತ್ತಿನಿಂದ ಪ್ರತಿ ಗುರುವಾರ ಹೋದೆ. ಹಳೆಯ ಕ್ರಮ: ನಾನು ಗಟ್ಟಿಯಾಗಿ ಓದುವುದು, ಅವರು ಕೇಳುವುದು. ಚಿಹ್ನೆಗಳನ್ನೂ ಹೇಳುತ್ತಿದ್ದೆ, ಅವರಿಗೆ ಅದರಿಂದ ನಗು ಬರುತ್ತಿತ್ತು. ಒಂದು ಕಡೆ ಕೈ ಎತ್ತಿ, "ಇಲ್ಲಿ" ಎನ್ನುತ್ತಿದ್ದರು. ಅವರ ಪ್ರತಿಯ ಅಂಚಿನಲ್ಲಿ ನಾನು ಆ ವಾಕ್ಯವನ್ನು ಪೂರ್ತಿ ಬರೆಯುತ್ತಿದ್ದೆ. ಬೆಳಗು ಹೊಳೆಯ ಆಚೆ ಎದ್ದು. ಕೆಲವು ಕಡೆ ನಾನೇ ಕಾದು ನಿಲ್ಲುತ್ತಿದ್ದೆ, ಇಲ್ಲಿ ಬರಬೇಕು ಎಂದು. ಅವರು ತಲೆಯಾಡಿಸುತ್ತಿದ್ದರು. "ಎಲ್ಲಾ ಬೆಳಿಗ್ಗೆಯೂ ಅಲ್ಲ ಮಾರಾಯ್ತಿ. ಕೆಲವು ದಿವಸ ಅವಳಿಗೆ ಅವನ ನೆನಪೇ ಇರುವುದಿಲ್ಲ. ಮಗಳಿಗೆ ಜ್ವರ. ಮುಂದೆ ಓದು."

ನನಗಾದರೋ ಎಲ್ಲಿ ಹೊಡೆದೆ ಎಂದು ಒಂದೂ ನೆನಪಿರಲಿಲ್ಲ. ಕಳೆ ಕಿತ್ತವರು ಜಾಗ ಗುರುತು ಇಟ್ಟುಕೊಳ್ಳುವುದಿಲ್ಲ.

ಹನ್ನೊಂದನೆಯ ಅಧ್ಯಾಯ ಮುಗಿದ ಗುರುವಾರ ಟೀಚರಿಗೆ ಸುಸ್ತಿತ್ತು. "ಕೊನೆಯದನ್ನು ಒಮ್ಮೆ ಓದು" ಎಂದರು. ಪುಸ್ತಕದ ಕೊನೆಯ ಪುಟಕ್ಕೆ ಹೋಗಿ ಓದಿದೆ. ಬಾಗಿಲ ಅಗುಳಿ ತೆಗೆದೇ ಇತ್ತು ಪೂರ್ಣವಿರಾಮ.

ಅವರು ಕಣ್ಣು ಮುಚ್ಚಿ ಕೂತಿದ್ದರು. "ಈಗ ಕೇಳ್ತದಾ ನಿನಗೆ?"

"ಕೇಳ್ತದೆ ಟೀಚರ್."

"ನನಗೆ ಇನ್ನೂ ಸ್ವಲ್ಪ ಕಡಿಮೆ ಉಂಟು" ಎಂದರು. "ಮುಂದಿನ ವಾರ ಹನ್ನೆರಡು ಮಾಡುವ."

ಮುಂದಿನ ಗುರುವಾರ ನಾನು ಬಸ್ಸಿಳಿದು ಹೋದಾಗ ಅಂಗಳದಲ್ಲಿ ತುಂಬಾ ಚಪ್ಪಲಿಗಳಿದ್ದವು. ಬಾಗಿಲು ತೆರೆದಿತ್ತು. ನನ್ನ ಫೋನು ನಂಬರು ಅವರ ತಂಗಿಯ ಹತ್ತಿರ ಇರಲಿಲ್ಲ, ಹಾಗಾಗಿ ತಿಳಿಸಲು ಆಗಲಿಲ್ಲ ಎಂದರು. ಹದಿಮೂರು ದಿನ ಕಳೆದ ಮೇಲೆ ತಂಗಿ ಆ ಪ್ರತಿಯನ್ನು ನನ್ನ ಕೈಗೆ ಕೊಟ್ಟರು.

ಅದು ಈಗ ನನ್ನ ಮೇಜಿನ ಮೇಲೆ ಇದೆ. ಹನ್ನೊಂದು ಅಧ್ಯಾಯಗಳಲ್ಲಿ ಹದಿನೇಳು ಬೆಳಗು ಸಿಕ್ಕಿದೆ. ಉಳಿದ ಹದಿನಾಲ್ಕು, ಮುಂದಿನ ಒಂಬತ್ತು ಅಧ್ಯಾಯಗಳಲ್ಲಿ ಎಲ್ಲೋ ಇವೆ. ಗಟ್ಟಿಯಾಗಿ ಓದಿ ನೋಡಿದ್ದೇನೆ. ಇಲ್ಲಿರಬಹುದು ಅನಿಸುತ್ತದೆ, ಮರುದಿನ ಓದಿದರೆ ಅಲ್ಲ ಅನಿಸುತ್ತದೆ.

ಆವತ್ತು ಬಂದಿದ್ದ ಶ್ರಾವ್ಯಾ ವಿಷಯ ಕೇಳಿಕೊಂಡು, ಅದರ ಪುಟ ತಿರುಗಿಸಿ, ಅಂಚಿನ ಬರಹ ಎಲ್ಲಿ ನಿಂತಿದೆ ಎಂದು ನೋಡಿದಳು. "ಆಂಟಿ, ಉಳಿದದ್ದನ್ನು ನೀವೇ ಸೇರಿಸಿ. ಪುನಃ ಅಚ್ಚು ಮಾಡುವ. ಯಾರಿಗೆ ಗೊತ್ತಾಗ್ತದೆ?"

ಯಾರಿಗೂ ಗೊತ್ತಾಗುವುದಿಲ್ಲ. ಮೂವತ್ತೊಂದನ್ನು ಹೊಡೆಯುವಾಗಲೂ, ಟೀಚರನ್ನು ಕೇಳದೆ, ಎಲ್ಲಿ ಬೇಕು ಎಲ್ಲಿ ಬೇಡ ಎಂದು ನಾನೇ ತೀರ್ಮಾನಿಸಿದ್ದೆ.